ದೆವ್ವಕ್ಕೆ ನೀರು ಸಾಕು: ಮನಾಲಿ–ಲೇ ರಸ್ತೆಗೆ ಹೊರಡುವ ಬೈಕ್ ಗುಂಪುಗಳಿಗೊಂದು ಬಹಿರಂಗ ಪತ್ರ

ಬೇಸಿಗೆ ಬಂದರೆ ಲಡಾಖ್ ಕಡೆ ಮುಖ ಮಾಡುವ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬೈಕ್ ಗುಂಪುಗಳಿಗೆ ಮತ್ತು ಅವರನ್ನು ದುಡ್ಡು ಪಡೆದು ಕರೆದೊಯ್ಯುವ ಟೂರ್ ಸಂಘಟಕರಿಗೆ,

ಮಾನ್ಯರೇ,

ನಾನು ಅರಸೀಕೆರೆ ಕಡೆಯವನು. ಈಗ 67 ವರ್ಷ. ಗ್ರೆಫ್‌ನಲ್ಲಿ ಡೋಜರ್ ಆಪರೇಟರ್ ಆಗಿದ್ದು, ರಿಟೈರ್ ಆಗಿ ಊರು ಸೇರಿದವನು. ಗ್ರೆಫ್ ಅಂದರೆ ನೀವೆಲ್ಲ ಬಿಆರ್‌ಒ ಅಂತೀರಲ್ಲ, ಆ ಗಡಿ ರಸ್ತೆ ಸಂಸ್ಥೆಯ ಕೆಲಸಗಾರರ ಪಡೆ. ನೀವು ಕನಸು ಕಾಣುವ ಆ ರಸ್ತೆಯಲ್ಲಿ ಎರಡು ಸರದಿ ಸೇರಿ ಏಳು ವರ್ಷ ಹಿಮ ತಳ್ಳಿದ್ದೇನೆ.

ಕಳೆದ ಜುಲೈನಲ್ಲಿ ಅಕ್ಕನ ಮಗ ತನ್ನ ಗುಂಪಿನ ಜೊತೆ ಹೊರಟ. "ಮಾವ, ನೀವು ಕಟ್ಟಿದ ರೋಡ್ ಈಗ ಹೇಗಿದೆ ನೋಡೋಣ ಬನ್ನಿ" ಅಂತ ನನ್ನನ್ನೂ ಎಳೆದ. ಕಟ್ಟಿದವನು ನಾನಲ್ಲಪ್ಪ, ಗುಡಿಸಿದವನು ಅಂದೆ. 14 ಬೈಕು, ಹಿಂದೆ ಸಾಮಾನು ಹೊತ್ತ ಒಂದು ಪಿಕಪ್. ಡ್ರೈವರ್ ಪಕ್ಕದ ಸೀಟು ನನ್ನದು. ಅಲ್ಲಿ ಕೂತು ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾವ ಗುಂಪು, ಯಾವ ಕಂಪನಿ ಅಂತ ಹೇಳುವುದಿಲ್ಲ. ಅವತ್ತು ದಾರಿಯಲ್ಲಿ ಸಿಕ್ಕ ಬೇರೆ ಗುಂಪುಗಳೂ ಇದಕ್ಕಿಂತ ಭಿನ್ನವಾಗಿರಲಿಲ್ಲ.

ಮೊದಲು ಗಾಟಾ ಲೂಪ್ಸ್ ವಿಷಯ. ರಾತ್ರಿ ತಂಗಲು ಟೆಂಟುಗಳಿರುವ ಸರ್ಚು ಅನ್ನುವ ಜಾಗ ದಾಟಿ ಸ್ವಲ್ಪ ದೂರಕ್ಕೆ ಸಿಗುವ 21 ತಿರುವುಗಳ ಏರು ಅದು. ಕೆಳಗಿನಿಂದ ನೋಡಿದರೆ ಬೋಳು ಗುಡ್ಡದ ಮೇಲೆ ಯಾರೋ ಹಗ್ಗ ಸುತ್ತಿಟ್ಟ ಹಾಗೆ ಕಾಣುತ್ತದೆ. ಅಲ್ಲೊಂದು ಕಲ್ಲು ಪೇರಿಸಿದ ಪುಟ್ಟ ಗುಡಿಯಿದೆ. ಕಥೆ ನಿಮಗೆ ಗೊತ್ತೇ ಇದೆ. ಚಳಿಗಾಲ ಶುರುವಾಗುವ ಹೊತ್ತಿಗೆ ಒಂದು ಲಾರಿ ಅಲ್ಲಿ ಕೆಟ್ಟು ನಿಂತಿತಂತೆ. ಡ್ರೈವರ್ ಸಹಾಯ ಹುಡುಕಿಕೊಂಡು ಹೋದ. ಕ್ಲೀನರ್ ಹುಡುಗ ಲಾರಿ ಕಾಯುತ್ತ ಉಳಿದ. ಹಿಮ ಬಿತ್ತು, ರಸ್ತೆ ಮುಚ್ಚಿತು. ಡ್ರೈವರ್ ವಾಪಸ್ ಬರುವಷ್ಟರಲ್ಲಿ ಹುಡುಗ ಚಳಿಗೋ ನೀರಿಲ್ಲದೆಯೋ ಸತ್ತಿದ್ದ. ಆಮೇಲಿನಿಂದ ಅವನು ದಾರಿಹೋಕರ ಹತ್ತಿರ ನೀರು ಕೇಳುತ್ತಾನೆ ಅನ್ನುವ ನಂಬಿಕೆ. ಅದಕ್ಕೇ ಎಲ್ಲರೂ ಒಂದು ಬಾಟಲ್ ನೀರು, ಒಂದು ಸಿಗರೇಟು ಇಟ್ಟು ಹೋಗುತ್ತಾರೆ.

ನಂಬಿಕೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ನಾನೂ ಚೌಡಮ್ಮನಿಗೆ ಕೈ ಮುಗಿದೇ ಗಾಡಿ ತೆಗೆಯುವವನು. ಆದರೆ ಅವತ್ತು ಅಲ್ಲಿ ಕಂಡದ್ದು ಗುಡಿಯಲ್ಲ, ಪ್ಲಾಸ್ಟಿಕ್ ಗುಡ್ಡೆ. ನೂರಾರು ಬಾಟಲ್. ಬಿಸಿಲಿಗೆ ಬೆಳ್ಳಗಾದವು, ಒಡೆದವು, ಗಾಳಿಗೆ ಇಳಿಜಾರಿನಲ್ಲಿ ಉರುಳಿ ಹೋದವು. ನಮ್ಮ 14 ಜನ ಸಾಲಾಗಿ ನಿಂತು ಇನ್ನೂ 14 ಸೇರಿಸಿದರು. ಪ್ರತಿಯೊಬ್ಬರಿಗೂ ಒಂದೊಂದು ವಿಡಿಯೋ. ಒಬ್ಬ ಹುಡುಗ ಮೂರು ಸಲ ಬಾಟಲ್ ಎತ್ತಿ ಮೂರು ಸಲ ಇಟ್ಟ, ಮೊದಲೆರಡು ಸಲ ಬಿಸಿಲು ಸರಿಯಾಗಿ ಬೀಳಲಿಲ್ಲವಂತೆ.

ಅದೇ ತಿರುವಿನಿಂದ ಐವತ್ತು ಹೆಜ್ಜೆ ಮೇಲೆ ಏಳೆಂಟು ಜನ ಡಾಂಬರು ಹಾಕುತ್ತಿದ್ದರು. ಡ್ರಮ್ಮಿನ ಕೆಳಗೆ ಬೆಂಕಿ, ಮೇಲೆ ಕಪ್ಪು ಹೊಗೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು. ಕಾಲಲ್ಲಿ ರಬ್ಬರ್ ಬೂಟು, ಒಬ್ಬನದು ಎಡಗಾಲಿನ ಬೂಟು ಬೇರೆ, ಬಲಗಾಲಿನದು ಬೇರೆ. ನಮ್ಮ ಬೈಕುಗಳು ಅವರ ನಡುವೆ ಹಾರ್ನ್ ಒತ್ತುತ್ತ ನುಗ್ಗಿದವು. ಹೊಸದಾಗಿ ಹರಡಿದ ಜಲ್ಲಿಯ ಮೇಲೇ ಹೋದವು. ಸಲಿಕೆ ಹಿಡಿದಿದ್ದವನು ಪಕ್ಕಕ್ಕೆ ಹಾರಿದ. ಯಾರೂ ನಿಲ್ಲಲಿಲ್ಲ. ಸತ್ತವನಿಗೆ 14 ಬಾಟಲ್, ಬದುಕಿದ್ದವರಿಗೆ ಹಾರ್ನು.

ನನಗೆ ತಡೆಯಲಿಲ್ಲ. ಪಿಕಪ್ ನಿಲ್ಲಿಸಿ ಕೆಳಗಿಳಿದು, ಗುಡಿಯ ಮುಂದಿನ ಹೊಸ ಬಾಟಲ್ ಎರಡು ಎತ್ತಿಕೊಂಡು ಮೇಲೆ ಹೋದೆ. ಹಿಂದಿನಿಂದ ಒಬ್ಬ "ಅಂಕಲ್, ಅದು ದೆವ್ವದ್ದು!" ಅಂತ ಕೂಗಿದ. ಕೆಲಸದವರ ಮುಖಂಡ ಮೇಟ್‌ಗೆ ಕೊಟ್ಟೆ. ಜಾರ್ಖಂಡಿನ ದುಮ್ಕಾ ಕಡೆಯವನು. ನೀಲಿ ಮುಚ್ಚಳ ನೋಡಿದ, ಗುಡಿಯ ಕಡೆ ನೋಡಿದ, ಬಾಟಲ್ ವಾಪಸ್ ಕೊಟ್ಟ. "ನೀವು ಹೋಗಿಬಿಡ್ತೀರಿ ಸಾಬ್, ರಾತ್ರಿ ಇಲ್ಲೇ ಮಲಗೋರು ನಾವು" ಅಂದ. ಗಾಡಿಯಲ್ಲಿದ್ದ ನಮ್ಮ ಸ್ವಂತ ನೀರು ಕೊಟ್ಟೆವು, ಕುಡಿದರು. ದೆವ್ವದ ಬಾಟಲನ್ನು ನಾನೇ ಕುಡಿದೆ. ಬಿಸಿಲಿಗೆ ಕಾದು ಪ್ಲಾಸ್ಟಿಕ್ ವಾಸನೆ ಹೊಡೆಯುತ್ತಿತ್ತು. ಇಲ್ಲಿಯವರೆಗೆ ನನಗೇನೂ ಆಗಿಲ್ಲ.

ಈ ಜನ ಯಾರು ಅಂತ ನಿಮಗೆ ಹೇಳಬೇಕು. ಗ್ರೆಫ್ ಭಾಷೆಯಲ್ಲಿ ಇವರು ಸಿಪಿಎಲ್, ಅಂದರೆ ದಿನಗೂಲಿಯವರು. ಬಹಳಷ್ಟು ಜನ ಜಾರ್ಖಂಡ್, ಬಿಹಾರ, ನೇಪಾಳದಿಂದ ಬರುತ್ತಾರೆ. ದುಮ್ಕಾ ಭಾಗದ ಸಂತಾಲರಂತೂ ನನ್ನ ಕಾಲದಿಂದಲೂ ಇದ್ದಾರೆ. ರಸ್ತೆ ತೆರೆಯುವಾಗ ಬಂದು, ಹಿಮ ಬೀಳುವ ಹೊತ್ತಿಗೆ ಊರಿಗೆ ಮರಳುತ್ತಾರೆ. ಕೋವಿಡ್ ವರ್ಷದಲ್ಲಿ ಇವರು ಎಷ್ಟು ಮುಖ್ಯ ಅನ್ನುವುದು ದೆಹಲಿಗೇ ಗೊತ್ತಾಯಿತು. 2020ರ ಜೂನ್‌ನಲ್ಲಿ ಲಡಾಖ್ ರಸ್ತೆ ಕೆಲಸಕ್ಕೆ ದುಮ್ಕಾದಿಂದ ವಿಶೇಷ ರೈಲೇ ಹೊರಟಿತು. ದೇಶವೆಲ್ಲ ಮನೆಯೊಳಗಿದ್ದಾಗ ಇವರು ಗುದ್ದಲಿ ಹಿಡಿದು ಬೆಟ್ಟ ಹತ್ತಿದರು.

ನೀವು ಹೋಗುವ ದಾರಿಯ ಕಥೆ ಬೈಕಿನಿಂದ ಶುರುವಾದದ್ದಲ್ಲ. ಮೋಟಾರು ರಸ್ತೆ ಬರುವ ಮೊದಲು ಕುಲ್ಲುವಿನಿಂದ ರೋಹ್ತಾಂಗ್ ಕಣಿವೆದಾರಿ ಹತ್ತಿ, ಲಾಹೌಲ್‌ಗೆ ಇಳಿದು, ಬಾರಾಲಾಚಾ ದಾಟಿ ಲೇ ಸೇರುತ್ತಿದ್ದವರು ವ್ಯಾಪಾರಿಗಳು, ಕುರಿ ಕಾಯುವವರು. ಕುರಿ ಮೇಕೆಗಳ ಬೆನ್ನಿಗೇ ಸಣ್ಣ ಚೀಲ ಕಟ್ಟಿ ಉಪ್ಪು, ಧಾನ್ಯ ಸಾಗಿಸುತ್ತಿದ್ದರು. ಚಾಂಗ್‌ಥಾಂಗ್ ಬಯಲಿನ ಪಶ್ಮೀನಾ ಉಣ್ಣೆಗೆ ಆಗಲೂ ದೊಡ್ಡ ಬೇಡಿಕೆ. ಈಸ್ಟ್ ಇಂಡಿಯಾ ಕಂಪನಿಯ ಕುದುರೆ ವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ 1820ರಲ್ಲಿ ಈ ದಾರಿಯಲ್ಲೇ ಲೇಗೆ ಹೋದ. ಒಳ್ಳೆ ಕುದುರೆ ಹುಡುಕುವ ನೆಪ, ಉಣ್ಣೆ ವ್ಯಾಪಾರದ ಮೇಲೂ ಕಣ್ಣು.

1960ರಲ್ಲಿ ಗಡಿ ರಸ್ತೆ ಸಂಸ್ಥೆ ಹುಟ್ಟಿತು. 1962ರ ಚೀನಾ ಯುದ್ಧದ ನಂತರ ಲಡಾಖ್‌ಗೆ ರಸ್ತೆ ಅನ್ನುವುದು ಅಗತ್ಯದ ಮಾತಾಯಿತು. ಮನಾಲಿ ಕಡೆಯ ರಸ್ತೆ ಮೊದಲು ಸೈನ್ಯದ ಗಾಡಿಗಳಿಗೆ ಮಾತ್ರ ಇತ್ತು. ಪ್ರವಾಸಿಗರಿಗೆ ತೆರೆದದ್ದು 1989ರಲ್ಲಿ. ಆ ವರ್ಷ ನಾನು ಸರ್ಚುವಿನಲ್ಲಿದ್ದೆ. ಯಾರೋ ಬಿಳಿಯರಿಬ್ಬರು ಸೈಕಲ್ ತುಳಿದುಕೊಂಡು ಬಂದಾಗ ನಾವು ಕೆಲಸ ಬಿಟ್ಟು ನಿಂತು ನೋಡಿದ್ದೆವು, ಬೆಂಗಳೂರಲ್ಲಿ ಆನೆ ಬಂದರೆ ನಿಂತು ನೋಡುತ್ತಾರಲ್ಲ, ಹಾಗೆ. 1999ರಲ್ಲಿ ಕಾರ್ಗಿಲ್ ಯುದ್ಧ ಬಂತು. ಶ್ರೀನಗರ–ಲೇ ರಸ್ತೆ ಶತ್ರುವಿನ ಫಿರಂಗಿ ಗುರಿಗೆ ಸಿಕ್ಕಾಗ ಮನಾಲಿ ರಸ್ತೆಯ ಬೆಲೆ ಎಲ್ಲರಿಗೂ ತಿಳಿಯಿತು. ಆ ಬೇಸಿಗೆ ನಾವು ಮಲಗಿದ್ದು ಕಡಿಮೆ. ಕಾನ್ವಾಯ್ ಲಾರಿಗಳ ಹೆಡ್‌ಲೈಟು ಬೆಟ್ಟದ ತುಂಬ ಸಾಲು ಹಿಡಿಯುತ್ತಿತ್ತು.

ಹಿಮ ತಳ್ಳುವುದು ಅಂದರೇನು ಅಂತ ವಿಡಿಯೋದಲ್ಲಿ ಗೊತ್ತಾಗುವುದಿಲ್ಲ. ಚಳಿಗಾಲ ಕಳೆದ ಮೇಲೆ ರಸ್ತೆ ಎಲ್ಲಿದೆ ಅಂತಲೇ ಕಾಣದು. ಮುಂದೆ ಒಬ್ಬ ಉದ್ದನೆಯ ಸಲಾಕೆ ಚುಚ್ಚಿ ಚುಚ್ಚಿ ಅಂಚು ಹುಡುಕುತ್ತ ನಡೆಯುತ್ತಾನೆ. ಅವನ ಕೈಸನ್ನೆ ನಂಬಿ ಡೋಜರ್ ಮುಂದೆ ಬಿಡಬೇಕು. ಎಡಕ್ಕೆ ಎರಡಡಿ ಜಾಸ್ತಿ ಹೋದರೆ ಕೆಳಗೆ ನದಿ. ಬೆಳಿಗ್ಗೆ ಡೀಸೆಲ್ ಗಟ್ಟಿಯಾಗಿರುತ್ತಿತ್ತು. ಟ್ಯಾಂಕಿನ ಕೆಳಗೆ ಬೆಂಕಿ ತೋರಿಸಿ ಕರಗಿಸಬೇಕಿತ್ತು. ಸರ್ಚುವರೆಗೆ ದೀಪಕ್ ಪ್ರಾಜೆಕ್ಟಿನವರು, ಅಲ್ಲಿಂದ ಲೇವರೆಗೆ ನಮ್ಮ ಹಿಮಾಂಕ್, ಎರಡೂ ಬಿಆರ್‌ಒದ ವಿಭಾಗಗಳೇ. ಎರಡೂ ಕಡೆಯಿಂದ ಕಡಿದುಕೊಂಡು ಬಂದು ನಡುವೆ ಕೈಕುಲುಕಿದ ದಿನ ರಸ್ತೆ ತೆರೆದ ಹಾಗೆ. ನಮ್ಮ ಬೋರ್ಡುಗಳ ಜೋಕು ಓದಿ ನೀವು ನಗುತ್ತೀರಿ. ಮದುವೆಯಾಗಿದ್ದರೆ ವೇಗಕ್ಕೆ ಡಿವೋರ್ಸ್ ಕೊಡಿ ಅನ್ನುವಂಥವು. ನಗಿ, ತಪ್ಪಿಲ್ಲ. ಸಂಸ್ಥೆಯ ಧ್ಯೇಯವಾಕ್ಯವನ್ನೂ ಒಮ್ಮೆ ಓದಿ: ಶ್ರಮೇಣ ಸರ್ವಂ ಸಾಧ್ಯಂ.

ಇನ್ನು ಸಂಘಟಕರಿಗೆ ನೇರವಾಗಿ ಹೇಳಬೇಕಾದ ಮಾತು.

ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ತೆರೆಯಿತು. 9.02 ಕಿ.ಮೀ. ಉದ್ದ. ಮನಾಲಿ–ಲೇ ದಾರಿಯಲ್ಲಿ 46 ಕಿ.ಮೀ. ಉಳಿಯಿತು. 3,978 ಮೀಟರ್ ಎತ್ತರದ ರೋಹ್ತಾಂಗ್ ಹತ್ತಿ ಇಳಿಯುವ ಕಷ್ಟ ತಪ್ಪಿತು. ಲಾಹೌಲ್ ಜನಕ್ಕೆ ಇದು ವರ. ಹಿಮ ಬಿದ್ದರೆ ತಿಂಗಳುಗಟ್ಟಲೆ ಅತ್ತ ಕಡೆಯೇ ಉಳಿಯುತ್ತಿದ್ದವರು ಅವರು. ಆದರೆ ನೀವು ಈ ಸುರಂಗವನ್ನು ಏನು ಮಾಡಿಕೊಂಡಿರಿ? ಮೊದಲು ರೋಹ್ತಾಂಗ್ ದಾಟಿ ಸುಸ್ತಾದವರು ಕೇಲಾಂಗಿನಲ್ಲೋ ಜಿಸ್ಪಾದಲ್ಲೋ ಮಲಗುತ್ತಿದ್ದರು. ಈಗ ದಾರಿ ಬೇಗ ಸಾಗುತ್ತದೆ ಅಂತ ಮೊದಲ ದಿನವೇ ಸರ್ಚುವರೆಗೆ ಓಡಿಸುತ್ತೀರಿ. ಮನಾಲಿ ಸುಮಾರು 2,050 ಮೀಟರ್. ಸರ್ಚು 4,290. ಬೆಂಗಳೂರಿನ ಹುಡುಗರು ಹುಟ್ಟಿ ಬೆಳೆದದ್ದು 920 ಮೀಟರಿನಲ್ಲಿ. ಒಂದೇ ಹಗಲಿನಲ್ಲಿ ಅಷ್ಟು ಎತ್ತರಕ್ಕೆ ಹೋಗಿ ಮಲಗಿದರೆ ಮೈ ಸುಮ್ನೆ ಇರುತ್ತಾ?

ಸರ್ಚು ಒಂಥರಾ ಬೋನು. ರಾತ್ರಿ ಯಾರಿಗಾದರೂ ಆರೋಗ್ಯ ಕೆಟ್ಟರೆ ಕೆಳಗೆ ಇಳಿಸಬೇಕು, ಅದೇ ಮೊದಲ ಔಷಧಿ. ಆದರೆ ಸರ್ಚುವಿನಿಂದ ಕೆಳಗೆ ಹೋಗಬೇಕೆಂದರೂ ಮೊದಲು ಮೇಲೆ ಹತ್ತಬೇಕು. ಹಿಂದಕ್ಕೆ ಹೊರಟರೆ 4,850 ಮೀಟರಿನ ಬಾರಾಲಾಚಾ. ಮುಂದಕ್ಕೆ ಹೊರಟರೆ ನಕೀ ಲಾ (ಲಾ ಅಂದರೆ ಕಣಿವೆದಾರಿ), ಅದಾದ ಮೇಲೆ 5,000 ದಾಟಿದ ಲಾಚುಲುಂಗ್ ಲಾ. ಗ್ರೆಫ್‌ನಲ್ಲಿ ಹೊಸಬರನ್ನು ನೇರವಾಗಿ ಅಲ್ಲಿಗೆ ಕಳಿಸುತ್ತಿರಲಿಲ್ಲ. ಕೆಳಗಿನ ಕ್ಯಾಂಪಿನಲ್ಲಿ ದಿನಗಟ್ಟಲೆ ಕೂರಿಸಿ, ಮೈ ಒಗ್ಗಿದ ಮೇಲೆ ಕಳಿಸುತ್ತಿದ್ದರು. ಕೂತು ಕೂತು ಬೇಜಾರಾಗಿ ನಾವು ಬೈದುಕೊಳ್ಳುತ್ತಿದ್ದೆವು.

ನಮ್ಮ ಗುಂಪಿನಲ್ಲಿ 23 ವರ್ಷದ ಒಬ್ಬ ಹುಡುಗನಿಗೆ ಆ ರಾತ್ರಿ ತಲೆ ಸಿಡಿಯುವ ನೋವು. ಎರಡು ಸಲ ವಾಂತಿ. ಟೆಂಟಿನಲ್ಲಿ ಕೂತೇ ಬೆಳಗು ಮಾಡಿದ. ಬೆಳಿಗ್ಗೆ ಸಂಘಟಕರು ಬಂದು, "ಎಲ್ಲರಿಗೂ ಹೀಗೇ ಆಗೋದು ಬ್ರೋ, ಲೇಗೆ ಹೋದ್ರೆ ಸರಿಹೋಗುತ್ತೆ" ಅಂದರು. ಒಂದು ಮಾತ್ರೆ ಕೊಟ್ಟರು. ಅವನಿಗೆ ಬೂಟಿನ ಲೇಸು ಕಟ್ಟಲು ಬೆರಳು ಕೂಡುತ್ತಿರಲಿಲ್ಲ. ಆದರೂ ಬೈಕ್ ಹತ್ತಿಸಿದರು, ಪಿಕಪ್‌ನಲ್ಲಿ ಜಾಗವಿಲ್ಲ ಅನ್ನುವ ಕಾರಣಕ್ಕೆ. ಜಾಗ ಇರಲಿಲ್ಲ, ನಿಜ. ಯಾಕೆಂದರೆ ಅಲ್ಲಿ ಡ್ರೋನ್ ಪೆಟ್ಟಿಗೆ, ಮೂರು ಸ್ಪೀಕರ್ ಮತ್ತು ನಾನು ಇದ್ದೆವು. ವಿಸ್ಕಿ ನಾಲಾ ಹತ್ತಿರ ಅವನು ಬೈಕ್ ಸಮೇತ ವಾಲಿದ. ಪುಣ್ಯಕ್ಕೆ ಬೆಟ್ಟದ ಕಡೆ ಬಿದ್ದ. ಸ್ಪೀಕರ್‌ಗಳನ್ನು ಮೇಲೆ ಕಟ್ಟಿ, ಅವನನ್ನು ನನ್ನ ಪಕ್ಕ ಕೂರಿಸಿಕೊಂಡೆ. ಪಾಂಗ್‌ನ ಸೈನ್ಯದ ಕ್ಯಾಂಪಿನಲ್ಲಿ ಆಮ್ಲಜನಕ ಕೊಟ್ಟರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ?" ಎರಡನೆಯದು, "ಮೊನ್ನೆ ರಾತ್ರಿ?" ಸಂಘಟಕರು ಫೋನ್ ನೋಡುತ್ತ ನಿಂತಿದ್ದರು. ಅಲ್ಲಿ ಸಿಗ್ನಲ್ ಇರಲಿಲ್ಲ.

ಹುಡುಗ ಉಳಿದ, ಈಗ ಚೆನ್ನಾಗಿದ್ದಾನೆ. ಹಾಗಂತ ಆ ತಪ್ಪು ತಪ್ಪಲ್ಲದೆ ಹೋಗುತ್ತಾ? ಅವನ ತಾಯಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ. ಈ ಪತ್ರ ಓದಿದರೂ ತನ್ನ ಮಗನೇ ಅಂತ ಅವರಿಗೆ ತಿಳಿಯದಿರಲಿ.

ಮೋರೆ ಬಯಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪಾಂಗ್ ದಾಟಿ ಮೇಲೆ ಹತ್ತಿದರೆ 40 ಕಿ.ಮೀ. ಚಪ್ಪಟೆ ನೆಲ, ಸಮುದ್ರಮಟ್ಟದಿಂದ 4,700 ಮೀಟರ್ ಮೇಲೆ. ಅಲ್ಲಿ ನಮ್ಮವರಿಗೆ ಉತ್ಸಾಹ ಉಕ್ಕಿತು. ಡಾಂಬರು ರಸ್ತೆ ಇದ್ದರೂ ಬಿಟ್ಟು ಬಯಲಿಗೆ ನುಗ್ಗಿದರು. ಧೂಳೆಬ್ಬಿಸಿ ಎಂಟರ ಆಕಾರದಲ್ಲಿ ಸುತ್ತಿದರು. ನಿಮಗೆ ಅದು ಖಾಲಿ ಜಾಗ. ಅದು ಮೇಕೆ ಮೇಯಿಸುವ ಅಲೆಮಾರಿ ಚಾಂಗ್ಪಾ ಜನರ ಹುಲ್ಲುಗಾವಲು. ಅವರ ಮೇಕೆ ಮೇಯುವುದು ಅಲ್ಲೇ, ಕಾಡುಕತ್ತೆ ಕಿಯಾಂಗ್ ಮೇಯುವುದೂ ಅಲ್ಲೇ. ಹಿಮಾಲಯದ ಗೋಡೆ ಮುಂಗಾರನ್ನು ಆಚೆಯೇ ತಡೆಯುತ್ತದೆ. ಲೇಯಲ್ಲಿ ವರ್ಷವಿಡೀ ಬೀಳುವುದು ಹೆಚ್ಚುಕಡಿಮೆ 100 ಮಿ.ಮೀ. ನಾವು ಬರದ ಸೀಮೆ ಅನ್ನುವ ಚಳ್ಳಕೆರೆಗೂ ಅದರ ನಾಲ್ಕು ಪಟ್ಟು ಮಳೆಯಿದೆ. ಅಂಥ ನೆಲದಲ್ಲಿ ಬೆರಳುದ್ದದ ಹುಲ್ಲು ಒಮ್ಮೆ ಟೈರಿಗೆ ಸಿಕ್ಕಿ ಕಿತ್ತರೆ ಮತ್ತೆ ಬರಲು ವರ್ಷಗಳು ಬೇಕು. ನಾನು 1989ರಲ್ಲಿ ಕಂಡ ಟೈರ್ ಗುರುತು 1991ರಲ್ಲೂ ಹಾಗೇ ಇತ್ತು. ಪಕ್ಕದ ತ್ಸೋ ಕರ್ ಸರೋವರದ ದಂಡೆಯಲ್ಲಿ ಕಪ್ಪು ಕೊರಳಿನ ಕೊಕ್ಕರೆ ಗೂಡು ಕಟ್ಟುತ್ತದೆ. ಅದರ ತಲೆಯ ಮೇಲೆ ಡ್ರೋನ್ ಹಾರಿಸಿದವರನ್ನೂ ಕಂಡೆ.

ಇಷ್ಟೆಲ್ಲ ಬರೆದ ಮೇಲೆ ನನ್ನ ಕೋರಿಕೆ ಏನು ಅಂತ ಹೇಳಬೇಕಲ್ಲ.

ಸಂಘಟಕರೇ, ಮನಾಲಿ ಬಿಟ್ಟ ಮೊದಲ ರಾತ್ರಿ ಜಿಸ್ಪಾದಲ್ಲಿ ನಿಲ್ಲಿಸಿ. ಅದು ಸುಮಾರು 3,200 ಮೀಟರ್, ಪಕ್ಕದಲ್ಲೇ ಭಾಗಾ ನದಿ, ನಿದ್ದೆಯೂ ಬರುತ್ತದೆ. ಆಗುವುದಾದರೆ ಎರಡು ರಾತ್ರಿ ನಿಲ್ಲಿಸಿ. ಮಾರನೇ ದಿನ ಬೆಳಗಾಗುತ್ತಲೇ ಹೊರಡಿ. ಹಿಮ ಕರಗುವುದು ಬಿಸಿಲೇರಿದ ಮೇಲೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನಾಲೆ ಮಧ್ಯಾಹ್ನಕ್ಕೆ ಸೈಲೆನ್ಸರ್ ಮುಳುಗಿಸುತ್ತದೆ. ಒಂದು ದಿನ ಹೆಚ್ಚಾದರೆ ಖರ್ಚು ಹೆಚ್ಚು ಅನ್ನುತ್ತೀರಿ. ಹಾಗಾದರೆ ರೇಟ್ ಏರಿಸಿ, ಬೆಂಗಳೂರಿನಲ್ಲಿ ಕೊಡುವವರಿದ್ದಾರೆ. ಪಿಕಪ್‌ನಲ್ಲಿ ಎರಡು ಸೀಟು ಯಾವಾಗಲೂ ಖಾಲಿ ಇಡಿ. ಹುಷಾರಿಲ್ಲ ಅಂದವನಿಗೆ ದುಡ್ಡಿನ ಭಯ ಹಾಕಬೇಡಿ, ಗಂಡಸ್ತನದ ಸವಾಲಂತೂ ಬೇಡವೇ ಬೇಡ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಡಾಕ್ಟರ ಮಾತು ಕೇಳದೆ ಹೆಸರು ಕೊಡದಂತೆ ಬುಕಿಂಗ್ ಸಮಯದಲ್ಲೇ ನೋಡಿಕೊಳ್ಳಿ.

ಮಕ್ಕಳೇ, ನಿಮಗೆ ಹೇಳುವುದು ಇನ್ನೂ ಸುಲಭ. ತಾಂಡಿಯ ಪೆಟ್ರೋಲ್ ಬಂಕಿನಲ್ಲಿ, ಮುಂದಿನ ಬಂಕ್ 365 ಕಿ.ಮೀ. ಅನ್ನುವ ಬೋರ್ಡಿನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತೀರಿ. ಜೆರಿಕ್ಯಾನ್ ತುಂಬಿಸುತ್ತೀರಿ. ಅದೇ ಹೊತ್ತಿಗೆ ಒಂದು ದೊಡ್ಡ ನೀರಿನ ಕ್ಯಾನ್ ಕೂಡ ತುಂಬಿಸಿಕೊಳ್ಳಿ. ಬಾಟಲ್ ಬೇಡ. ದಾರಿಯಲ್ಲಿ ಕೆಲಸದವರು ಕಂಡರೆ ಗಾಡಿ ನಿಧಾನ ಮಾಡಿ, ಹೆಲ್ಮೆಟ್ ಗಾಜು ಎತ್ತಿ, ನೀರು ಬೇಕಾ ಅಂತ ಕೇಳಿ. ಅವರ ಹತ್ತಿರ ಮಗ್ಗು ಇರುತ್ತದೆ. ಅವರಿಗೆ ಬೇಕಿದ್ದರೆ ಉಣ್ಣೆ ಕಾಲುಚೀಲ, ಕೈಗವಸು, ಕಣ್ಣಿಗೆ ಧೂಳು ತಡೆಯುವ ಕನ್ನಡಕ ಕೊಡಿ. ಕೊಟ್ಟದ್ದರ ವಿಡಿಯೋ ಮಾಡಬೇಡಿ. ಡಾಂಬರು ಹಸಿ ಇದ್ದರೆ ಅವರು ಕೈ ತೋರಿಸಿದ ಕಡೆಯೇ ಹೋಗಿ, ಐದು ನಿಮಿಷ ನಿಲ್ಲಿಸಿದರೆ ನಿಲ್ಲಿ. ಪಾಂಗ್‌ನ ಟೆಂಟ್ ಹೋಟೆಲಿನ ಅಮ್ಮಂದಿರ ಹತ್ತಿರ ಮ್ಯಾಗಿಗೆ ಹತ್ತು ರೂಪಾಯಿ ಚೌಕಾಸಿ ಮಾಡುವುದನ್ನೂ ಬಿಡಿ. ಆ ಗ್ಯಾಸ್ ಸಿಲಿಂಡರ್ ಎಲ್ಲಿಂದ ಬಂತು ಅಂತ ಯೋಚಿಸಿ.

ಗಾಟಾ ಲೂಪ್ಸ್ ಗುಡಿಗೆ ಕೈ ಮುಗಿಯಲೇಬೇಕು ಅನ್ನಿಸಿದರೆ ಕ್ಯಾನಿನಿಂದ ಒಂದು ಲೋಟ ನೀರು ನೆಲಕ್ಕೆ ಎರೆಯಿರಿ. ನಮ್ಮಲ್ಲಿ ಸತ್ತವರಿಗೆ ನೀರು ಬಿಡುವುದು ಹಾಗೇ ಅಲ್ವಾ? ವಾಪಸ್ ಬರುವಾಗ ಒಬ್ಬೊಬ್ಬರು ಹತ್ತು ಖಾಲಿ ಬಾಟಲ್ ಚೀಲಕ್ಕೆ ತುಂಬಿ ಕೆಳಗೆ ತನ್ನಿ. ಕ್ಲೀನರ್ ಹುಡುಗ ಸಿಟ್ಟಾಗುವುದಿಲ್ಲ. ಗಾಡಿ ಚೊಕ್ಕಟ ಮಾಡುವುದೇ ಅವನ ಕೆಲಸವಾಗಿತ್ತು.

ಈ ವರ್ಷದ ಜೂನ್ ಬುಕಿಂಗ್ ಶುರುವಾಗಿದೆ ಅಂತ ಅಕ್ಕನ ಮಗ ಒಂದು ಪೋಸ್ಟರ್ ತೋರಿಸಿದ. ಎರಡನೇ ದಿನದ ಸಾಲಿನಲ್ಲಿ "ಹಾಂಟೆಡ್ ಲೂಪ್ಸ್ ಫೋಟೋ ಸ್ಟಾಪ್" ಅಂತಿದೆ. ಮೊದಲ ರಾತ್ರಿಯ ಸಾಲಿನಲ್ಲಿ ಇನ್ನೂ ಸರ್ಚು ಅಂತಲೇ ಇದೆ. ಅಚ್ಚಾಗುವ ಮೊದಲು ಎರಡನ್ನೂ ತಿದ್ದಿ.

ಇಂತಿ,
ನಿವೃತ್ತ ಡೋಜರ್ ಆಪರೇಟರ್
ಅರಸೀಕೆರೆ ತಾಲ್ಲೂಕು